ಇಬ್ಬರೇ ಸಿಡ್ನಿಗೆ ಹೊರಟಾಗ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನಾನೂ ನಮ್ಮ ಯಜಮಾನರೂ ಸಿಡ್ನಿಗೆ ಹೋಗಿ ಬಂದ ವಿಷಯ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ, ಮೆಸೇಜು ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 62 ವರ್ಷ, ನಮ್ಮ ಮನೆಯವರಿಗೆ 57. ಇಬ್ಬರೂ ಮೇಷ್ಟ್ರಾಗಿದ್ದವರು, ಈಗ ನಿವೃತ್ತಿ. ಮೊದಲ ಸಲ ವಿದೇಶಕ್ಕೆ ಹೋಗಬೇಕು ಅಂತಿದ್ದೇವೆ. ಏಜೆನ್ಸಿಯವರು ಒಂಬತ್ತು ದಿನದಲ್ಲಿ ಸಿಡ್ನಿ, ಮೆಲ್ಬರ್ನ್, ಗೋಲ್ಡ್ ಕೋಸ್ಟ್ ಮೂರೂ ತೋರಿಸುತ್ತೇವೆ ಅಂತಾರೆ. ನಮಗೆ ನಿಜವಾಗಿ ಬೇಕಿರುವುದು ಅಲ್ಲಿಯ ಪ್ರಾಣಿ ಪಕ್ಷಿ ನೋಡುವುದು, ಆ ಬಂದರಿನ ಊರಲ್ಲಿ ಸುಮ್ನೆ ಓಡಾಡುವುದು. ಏನು ಮಾಡೋಣ? (ಸಾಗರದ ಓದುಗರು)

ಉತ್ತರ: ಸರ್, ಒಂದೇ ಊರು ಹಿಡಿದುಕೊಳ್ಳಿ. ಸಿಡ್ನಿಯಿಂದ ಮೆಲ್ಬರ್ನ್ ಹತ್ತಿರ ಹತ್ತಿರ 900 ಕಿಲೋಮೀಟರ್, ಗೋಲ್ಡ್ ಕೋಸ್ಟ್ ಕೂಡ ಹೆಚ್ಚುಕಡಿಮೆ ಅಷ್ಟೇ, ಅದೂ ಎದುರು ದಿಕ್ಕಿನಲ್ಲಿ. ವಿಮಾನದಲ್ಲಿ ಒಂದೂವರೆ ಗಂಟೆ ಅಂತಾರೆ, ಆದರೆ ಪೆಟ್ಟಿಗೆ ಕಟ್ಟಿ, ಏರ್‌ಪೋರ್ಟಿಗೆ ಹೋಗಿ, ಕಾದು, ಇಳಿದು, ಮತ್ತೆ ಹೋಟೆಲ್ ಸೇರುವಷ್ಟರಲ್ಲಿ ಒಂದು ಹಗಲು ಹೋಯಿತು. ಒಂಬತ್ತು ದಿನದಲ್ಲಿ ಇಂಥ ಎರಡು ಮೂರು ಹಗಲು ಕಳೆದರೆ ಉಳಿಯುವುದೇನು?

ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಮೂರು ದಿನ ನಾವೂ ಒಂದು ಪ್ಯಾಕೇಜಿನಲ್ಲೇ ಇದ್ದೆವು. ಪ್ರಾಣಿ ಪಾರ್ಕಿಗೆ ಕರೆದುಕೊಂಡು ಹೋದರು, 40 ನಿಮಿಷ ಟೈಮ್ ಕೊಟ್ಟರು. ಕೊವಾಲಾ, ಅಂದರೆ ಮರದ ಮೇಲೇ ಬದುಕುವ ಮೆತ್ತನೆ ತುಪ್ಪಳದ ಪ್ರಾಣಿ, ಒಂದು ಕವಲಲ್ಲಿ ಮುದುಡಿ ಮಲಗಿತ್ತು, ಬೆನ್ನು ಮಾತ್ರ ಕಾಣುತ್ತಿತ್ತು. ಅದು ತಿರುಗುತ್ತದೇನೋ ಅಂತ ನಾನು ನಿಂತಿದ್ದೆ, ಅಷ್ಟರಲ್ಲಿ ಬಸ್ಸಿಗೆ ಕರೆದರು. ಬಂದರಿನ ದಡದಲ್ಲಿರುವ, ಚಿಪ್ಪಿನಂಥ ಛಾವಣಿಯ ಸಂಗೀತ ನಾಟಕ ಭವನ ಒಪೇರಾ ಹೌಸ್ ಎದುರು ಹತ್ತು ನಿಮಿಷ, ಫೋಟೋ ತೆಗೆದುಕೊಂಡು ಮತ್ತೆ ಬಸ್ಸು. ಅಷ್ಟು ದೂರ, ಅಷ್ಟು ದುಡ್ಡು ಹಾಕಿ ಹೋಗಿದ್ದು ಇದಕ್ಕಾ ಅಂತ ಆ ರಾತ್ರಿ ನನಗೆ ನಿಜವಾಗಲೂ ಬೇಜಾರಾಯಿತು. ಆಮೇಲೆ ತಂಗಿಯ ಮಗಳ ಮನೆಯಲ್ಲಿ ಹದಿಮೂರು ದಿನ ಉಳಿದು ನಮ್ಮ ಪಾಡಿಗೆ ನಾವು ಓಡಾಡಿದೆವು ನೋಡಿ, ಆಗ ಆ ಊರು ಕಂಡಿತು.

ಬಂದರನ್ನು ನೀರಿನ ಮೇಲಿಂದಲೇ ನೋಡಬೇಕು. ಸಿಗಂದೂರಿನ ಲಾಂಚಿನಲ್ಲಿ ಓಡಾಡಿದ ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರ್ಕ್ಯುಲರ್ ಕ್ವೇ ಅಂತ ಜಾಗ ಇದೆ, ಅದೇ ನಡುಬಿಂದು. ರೈಲು, ಟ್ರಾಮ್, ಫೆರ್ರಿ ಎಲ್ಲ ಅಲ್ಲಿಗೇ ಬರುತ್ತವೆ. ಅಲ್ಲಿಂದ ಮ್ಯಾನ್ಲಿ ಅನ್ನುವ ಕಡಲ ದಂಡೆಗೆ ಹಸಿರು ಬಣ್ಣದ ಸರಕಾರಿ ಫೆರ್ರಿ ಹೋಗುತ್ತದೆ, ಅರ್ಧ ಗಂಟೆ ದಾರಿ. ದುಬಾರಿ ಕ್ರೂಸ್ ಏನೂ ಬೇಡ, ಇದೇ ಸಾಕು. ಹೋಗುವಾಗ ಬಲಗಡೆ ಹೊರಗಿನ ಬೆಂಚಿನಲ್ಲಿ ಕೂತುಕೊಳ್ಳಿ. ಹೊರಟ ಎರಡೇ ನಿಮಿಷಕ್ಕೆ ಒಪೇರಾ ಹೌಸ್ ಪಕ್ಕದಲ್ಲೇ ಹಾದುಹೋಗುತ್ತದೆ, ಹಿಂದೆ ತಿರುಗಿದರೆ ಹಾರ್ಬರ್ ಬ್ರಿಡ್ಜ್ ಅನ್ನುವ ದೊಡ್ಡ ಕಮಾನಿನ ಸೇತುವೆ. ಆಮೇಲೆ ಒಂದು ಕಡೆ ಬಂದರಿನ ಬಾಯಿ ತೆರೆದುಕೊಳ್ಳುತ್ತದೆ, ಎರಡೂ ಕಡೆ ಎತ್ತರದ ಬಂಡೆ, ನಡುವೆ ಬರೀ ಪೆಸಿಫಿಕ್ ಸಾಗರ. ಅಲ್ಲಿ ಹಡಗು ಸ್ವಲ್ಪ ಓಲಾಡುತ್ತದೆ, ವಾಕರಿಕೆ ಬರುವವರು ಆ ಐದು ನಿಮಿಷ ದೂರದ ದಡದ ಮೇಲೆ ಕಣ್ಣಿಟ್ಟುಕೊಂಡರೆ ಆಯಿತು. ನಾವು ಇದೇ ಫೆರ್ರಿಯಲ್ಲಿ ನಾಲ್ಕು ಸಲ ಹೋದೆವು: ಒಂದು ಸಲ ಬೆಳಿಗ್ಗೆ, ಒಂದು ಸಲ ಮಳೆಯಲ್ಲಿ, ಎರಡು ಸಲ ಕತ್ತಲಾಗುವ ಹೊತ್ತಿಗೆ. ಟಿಕೆಟ್ ತಾಪತ್ರಯ ಇಲ್ಲ. ನಮ್ಮ ಮೆಟ್ರೋ ತರಹ ಕಾರ್ಡ್ ಮುಟ್ಟಿಸಿ ಹತ್ತುವುದು, ಮುಟ್ಟಿಸಿ ಇಳಿಯುವುದು. ಓಪಲ್ ಕಾರ್ಡ್ ಅಂತಾರೆ. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ ಅಂತ ಮಿತಿ ಇದೆ, ಶುಕ್ರವಾರದಿಂದ ಭಾನುವಾರದವರೆಗೆ ಆ ಮಿತಿ ಇನ್ನೂ ಕಡಿಮೆ. ದೂರದ ಓಡಾಟವನ್ನೆಲ್ಲ ಆ ದಿನಗಳಿಗೆ ಇಟ್ಟುಕೊಳ್ಳಿ.

ಪ್ರಾಣಿಗಳಿಗೆ ಒಂದು ಇಡೀ ದಿನ ಟರೋಂಗಾ ಮೃಗಾಲಯ. 1916ರಲ್ಲಿ ಶುರುವಾದದ್ದು, ಬಂದರಿನ ಆಚೆ ದಡದ ಗುಡ್ಡದ ಮೇಲಿದೆ. ಅದಕ್ಕೂ ಫೆರ್ರಿಯೇ, ಹನ್ನೆರಡು ನಿಮಿಷ. ಇಳಿದ ಕೂಡಲೇ ನಡೆಯುತ್ತಾ ಹತ್ತಲು ಹೋಗಬೇಡಿ. ಫೆರ್ರಿ ನಿಲ್ಲುವಲ್ಲಿ ಬಸ್ಸು ಕಾದಿರುತ್ತದೆ, ಅದರಲ್ಲಿ ಮೇಲಿನ ಗೇಟಿಗೆ ಹೋಗಿ, ಅಲ್ಲಿಂದ ನಿಧಾನಕ್ಕೆ ಇಳಿಯುತ್ತಾ ನೋಡಿಕೊಂಡು ಬನ್ನಿ. ಮೊಣಕಾಲಿಗೆ ಆರಾಮ. ಅಲ್ಲಿ ಜಿರಾಫೆಗಳು ನಿಂತಿರುವ ಕಡೆಯಿಂದ ನೀರಿನಾಚೆ ಒಪೇರಾ ಹೌಸ್ ಕಾಣುತ್ತದೆ.

ಆದರೆ ಬೇಲಿ ಇಲ್ಲದ ಕಡೆ ನೋಡಿದ್ದೇ ಬೇರೆ. ಅದಕ್ಕೆ ಎರಡು ರಾತ್ರಿ ಎತ್ತಿಡಿ, ಸಿಡ್ನಿಯಿಂದ ದಕ್ಷಿಣಕ್ಕೆ ಹೋಗಿ. ಕಾಂಗರೂ ವ್ಯಾಲಿ ಅಂತ ಒಂದು ಕಣಿವೆ, ಎರಡು ಗಂಟೆ ಚಿಲ್ಲರೆ ದಾರಿ. ಅಲ್ಲಿ ಬೆಂಡೀಲಾ ಅನ್ನುವ ಹುಲ್ಲುಗಾವಲಿನ ಹತ್ತಿರ ವೊಂಬ್ಯಾಟ್‌ಗಳಿವೆ. ಗಿಡ್ಡ ಕಾಲು, ದಪ್ಪ ಮೈ, ಮೊದಲ ನೋಟಕ್ಕೆ ಕರಡಿ ಮರಿ ಅಂತಲೇ ಅನ್ನಿಸುತ್ತದೆ, ಆದರೆ ಇದು ಕೊವಾಲಾಗೆ ಹತ್ತಿರದ ಸಂಬಂಧಿ. ನಾವು ಸಂಜೆ ಐದಕ್ಕೇ ಹೋಗಿ ಒಂದು ಮರದ ಬುಡದಲ್ಲಿ ಕೂತೆವು. ಮುಕ್ಕಾಲು ಗಂಟೆ ಏನೂ ಇಲ್ಲ. ಬಿಸಿಲು ಗುಡ್ಡದ ಹಿಂದೆ ಹೋದಮೇಲೆ ಒಂದು ಬಿಲದಿಂದ ಹೊರಬಂತು. ಎರಡು ಮಾರು ದೂರ, ತಲೆ ಎತ್ತದೆ ಹುಲ್ಲು ಮೇಯುತ್ತಾ ನಮ್ಮ ಮುಂದೆಯೇ ಹಾದುಹೋಯಿತು. ಕೊಟ್ಟಿಗೆಯಲ್ಲಿ ಹಸು ಮೇಯುವಾಗ ಕರ್ ಕರ್ ಅಂತ ಶಬ್ದ ಬರುತ್ತದಲ್ಲ, ಥೇಟ್ ಅದೇ ಶಬ್ದ. ಅದಕ್ಕೂ ಹೊಟ್ಟೆಯಲ್ಲಿ ಚೀಲ ಇದೆ, ಆದರೆ ಚೀಲದ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಬಿಲ ತೋಡುವಾಗ ಮಣ್ಣು ಮರಿಯ ಮೇಲೆ ಬೀಳಬಾರದಲ್ಲ, ಅದಕ್ಕೆ. ಇನ್ನೊಂದು ವಿಷಯ, ವೊಂಬ್ಯಾಟಿನ ಹಿಕ್ಕೆ ಚೌಕ ಚೌಕವಾಗಿರುತ್ತದೆ. ನಮ್ಮ ಯಜಮಾನರು ನಂಬಿರಲಿಲ್ಲ, ಮಾರನೇ ದಿನ ಬೆಳಿಗ್ಗೆ ಒಂದು ಕಲ್ಲಿನ ಮೇಲೆ ಸಾಲಾಗಿ ಕಂಡಮೇಲೆ ಬಗ್ಗಿ ಬಗ್ಗಿ ನೋಡಿದರು.

ಇನ್ನೂ ಕೆಳಗೆ, ಸಿಡ್ನಿಯಿಂದ ನಾಲ್ಕು ಗಂಟೆ ಹತ್ತಿರದ ದಾರಿಯಲ್ಲಿ ಮುರ್ರಮರಾಂಗ್ ರಾಷ್ಟ್ರೀಯ ಉದ್ಯಾನ ಇದೆ. ಅದರೊಳಗೆ ಪೆಬ್ಲಿ ಬೀಚ್. ಸಮುದ್ರಕ್ಕೆ ತಾಗಿಕೊಂಡೇ ಹುಲ್ಲಿನ ಬಯಲು, ಆ ಬಯಲಿನಲ್ಲಿ ಬೂದು ಕಾಂಗರೂಗಳು. ನಮ್ಮೂರಿನ ಮೈದಾನದಲ್ಲಿ ದನ ಬಿಟ್ಟ ಹಾಗೆ ಅವು ಅಲ್ಲಿ ಮೇಯುತ್ತಿರುತ್ತವೆ. ಒಂದು ತಾಯಿ ಬಗ್ಗಿ ಹುಲ್ಲು ತಿನ್ನುತ್ತಿತ್ತು, ಚೀಲದಿಂದ ತಲೆ ಹಾಕಿದ ಮರಿಯೂ ಅದೇ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಹುಟ್ಟುವಾಗ ಅದು ಬರೀ ಅವರೆಕಾಳಿನಷ್ಟು. ಕಣ್ಣು ಕಾಣದ ಆ ಕಾಳು ತಾನೇ ತೆವಳಿಕೊಂಡು ಚೀಲ ಸೇರುತ್ತದೆ ಅಂತ ಓದಿದ್ದೆ, ಆದರೆ ಆ ಮರಿಯ ಉದ್ದ ಕಿವಿ, ಒದ್ದೆ ಮೂಗು ನೋಡುತ್ತಾ ನಿಂತಾಗ ಅದನ್ನು ನಂಬುವುದೇ ಕಷ್ಟವಾಯಿತು. ಹತ್ತಿರ ಹೋಗಬೇಡಿ, ತಿನ್ನಲು ಏನೂ ಕೊಡಬೇಡಿ, ಬ್ರೆಡ್ ಅಂತೂ ಬೇಡವೇ ಬೇಡ. ಸುಮ್ನೆ ಕೂತರೆ ಅವೇ ಹತ್ತಿರ ಬರುತ್ತವೆ.

ಕಾರು ಬಾಡಿಗೆಗೆ ತೆಗೆದುಕೊಂಡರೆ ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅಷ್ಟರಮಟ್ಟಿಗೆ ಸುಲಭ. ಆದರೆ ಮುಸ್ಸಂಜೆ ಮತ್ತು ಬೆಳಗಿನ ಜಾವ ಕಾಂಗರೂ, ವೊಂಬ್ಯಾಟ್ ಎರಡೂ ರಸ್ತೆಗೆ ಬರುತ್ತವೆ. ಬಂಡೀಪುರದ ರಸ್ತೆಯಲ್ಲಿ ಹೇಗೆ ಹೋಗುತ್ತೀರೋ ಹಾಗೇ ಹೋಗಿ.

ಪ್ರಶ್ನೆ: ಅಕ್ಕ, ಹೊಸದಾಗಿ ಮದುವೆಯಾಗಿದ್ದೇವೆ. ಕೊವಾಲಾ ಎತ್ತಿಕೊಂಡು ಇಬ್ಬರೂ ಫೋಟೋ ತೆಗೆಸಿಕೊಳ್ಳಬೇಕು ಅಂತ ಆಸೆ. ಸಿಡ್ನಿಯಲ್ಲಿ ಎಲ್ಲಿ ಸಿಗುತ್ತದೆ? (ದಾವಣಗೆರೆ)

ಉತ್ತರ: ಸಿಡ್ನಿಯಲ್ಲಿ ಎಲ್ಲೂ ಸಿಗುವುದಿಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಜನ ಕೊವಾಲಾ ಎತ್ತಿಕೊಳ್ಳುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಪಕ್ಕದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಬಿಡುತ್ತಾರೆ, ಆದರೆ ಅಲ್ಲೂ ಬ್ರಿಸ್ಬೇನಿನ ಲೋನ್ ಪೈನ್ ಅನ್ನುವ, 1927ರಿಂದ ನಡೆಯುತ್ತಿರುವ ಹಳೆಯ ಕೊವಾಲಾ ಧಾಮದವರು 2024ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ನನಗಂತೂ ಅದು ಸರಿ ಅನ್ನಿಸಿತು.

ಯಾಕೆ ಅಂತ ಕೇಳಿ. ಕೊವಾಲಾ ತಿನ್ನುವುದು ಯೂಕಲಿಪ್ಟಸ್ ಎಲೆ, ಅಂದರೆ ನಮ್ಮ ನೀಲಗಿರಿ ಜಾತಿಯದು. ಅದರಲ್ಲಿ ಸತ್ವ ಕಡಿಮೆ, ವಿಷ ಜಾಸ್ತಿ. ಅದನ್ನು ಅರಗಿಸಿಕೊಳ್ಳುವುದೇ ಅದರ ಮೈಗೆ ದೊಡ್ಡ ಕೆಲಸ, ಹಾಗಾಗಿ ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ಮಲಗುತ್ತದೆ. ಸೋಮಾರಿತನ ಅಲ್ಲ ಅದು. ಅಂಥ ಪ್ರಾಣಿಯನ್ನು ನಿದ್ದೆಯಿಂದ ಎಬ್ಬಿಸಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಡುವುದು ಹಿಂಸೆ ಅಲ್ವಾ? ಕಾಡು ಕಡಿದು, ರೋಗ ಬಂದು, 2019–20ರ ಕಾಳ್ಗಿಚ್ಚಿನಲ್ಲಿ ಬೆಂದು ಕೊವಾಲಾಗಳು ತುಂಬಾ ಕಡಿಮೆಯಾಗಿವೆ. 2022ರಲ್ಲಿ ಅಲ್ಲಿಯ ಕೇಂದ್ರ ಸರಕಾರ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಕಡೆಗಳಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿ ಅಂತ ಘೋಷಿಸಿತು.

ನೀವು ಮಾಡಬೇಕಾದದ್ದು ಇಷ್ಟು. ಸಿಡ್ನಿಯ ಪಶ್ಚಿಮಕ್ಕೆ ಡೂನ್‌ಸೈಡ್‌ನಲ್ಲಿ ಫೆದರ್‌ಡೇಲ್ ಪ್ರಾಣಿ ಪಾರ್ಕ್ ಇದೆ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಿ, ತಾಜಾ ಸೊಪ್ಪು ಹಾಕುವವರೆಗೆ ಕೊವಾಲಾ ಎದುರು ಕಾಯಿರಿ. ನಾವು ಎರಡನೇ ಸಲ ಹೋದಾಗ ಹಾಗೇ ಮಾಡಿದೆವು. ಸೊಪ್ಪಿನ ಕಟ್ಟು ಇಟ್ಟ ಕೂಡಲೇ ಕಣ್ಣು ಬಿಟ್ಟಿತು. ಒಂದೊಂದೇ ಎಲೆಯನ್ನು ಮೂಗಿಗೆ ಹಿಡಿದು ಮೂಸಿ, ಬೇಡದ್ದನ್ನು ಬಿಟ್ಟು, ಬೇಕಾದದ್ದನ್ನು ಮಾತ್ರ ತಿಂದಿತು. ಅದರ ಮುಂಗೈ ಗಮನಿಸಿ, ಎರಡು ಹೆಬ್ಬೆರಳು ಇರುತ್ತವೆ, ಕೊಂಬೆ ಹಿಡಿಯಲು. ಇಡೀ ಜಾಗ ನೆಗಡಿಗೆ ಹಚ್ಚುವ ನೀಲಗಿರಿ ಎಣ್ಣೆಯ ವಾಸನೆ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಬಿಡುತ್ತಾರೆ. ಅಷ್ಟು ಸಾಕು ನೋಡಿ.

ಪ್ರಶ್ನೆ: ಸಿವಿಲ್ ಎಂಜಿನಿಯರ್ ನಾನು. ಹಾರ್ಬರ್ ಬ್ರಿಡ್ಜ್ ಕಮಾನಿನ ಮೇಲೆ ಹತ್ತುವುದಕ್ಕೆ ಸಿಕ್ಕಾಪಟ್ಟೆ ದುಡ್ಡು ಕೇಳುತ್ತಾರೆ. ಕೊಡಬಹುದಾ? ನನ್ನಾಕೆಗೆ ಎತ್ತರ ಅಂದರೆ ಭಯ. (ಹುಬ್ಬಳ್ಳಿ)

ಉತ್ತರ: ನಿಮ್ಮಾಕೆಗೆ ಭಯ ಅಂದಮೇಲೆ ಆ ದುಡ್ಡು ಉಳಿಸಿ. ಸೇತುವೆ ಮೇಲೆ ನಡೆಯುವುದಕ್ಕೆ ದುಡ್ಡೇ ಇಲ್ಲ. ದಿ ರಾಕ್ಸ್ ಅನ್ನುವ ಹಳೇ ಪೇಟೆಯಿಂದ ಮೆಟ್ಟಿಲು ಹತ್ತಿ ಪೂರ್ವದ ಕಡೆಯ ಕಾಲುದಾರಿ ಹಿಡಿಯಿರಿ. ಆಕಡೆ ದಡಕ್ಕೆ ನಡೆದು ಮಿಲ್ಸನ್ಸ್ ಪಾಯಿಂಟಿನಲ್ಲಿ ಇಳಿದು ಫೆರ್ರಿಯಲ್ಲೋ ರೈಲಿನಲ್ಲೋ ವಾಪಸ್ ಬನ್ನಿ. ದಾರಿಯಲ್ಲಿ ಕಲ್ಲಿನ ಗೋಪುರವೊಂದಕ್ಕೆ ಟಿಕೆಟ್ ಕೊಟ್ಟು ಹತ್ತಬಹುದು, 200 ಮೆಟ್ಟಿಲು, ಸುತ್ತ ಗೋಡೆ ಇರುವುದರಿಂದ ಅಷ್ಟು ಹೆದರಿಕೆ ಆಗುವುದಿಲ್ಲ.

ಎಂಜಿನಿಯರ್ ಅಂದಿರಲ್ಲ, ಹಾಗಾಗಿ ಕಾಲುದಾರಿಯಲ್ಲಿ ಒಂದು ಕಡೆ ನಿಂತು ರಿವೆಟ್‌ಗಳನ್ನು, ಅಂದರೆ ಉಕ್ಕಿನ ತುಂಡುಗಳನ್ನು ಕೂಡಿಸಿದ ಮೊಳೆಗಳನ್ನು, ನೋಡಿ. ಇಡೀ ಸೇತುವೆಯಲ್ಲಿ ಸುಮಾರು 60 ಲಕ್ಷ ಇವೆ, ಕೆಂಪಗೆ ಕಾಯಿಸಿ ಹೊಡೆದದ್ದು. ಕಮಾನು 503 ಮೀಟರ್. ಎರಡೂ ದಡದಿಂದ ಅರ್ಧರ್ಧ ಕಮಾನು ಕಟ್ಟುತ್ತಾ ಬಂದು 1930ರ ಆಗಸ್ಟಿನಲ್ಲಿ ನಡುವೆ ಕೂಡಿಸಿದರು. 1932ರ ಮಾರ್ಚ್ 19ಕ್ಕೆ ಉದ್ಘಾಟನೆ. ಅವತ್ತು ರಾಜ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಜ್ಯಾಕ್ ಲ್ಯಾಂಗ್ ರಿಬ್ಬನ್ ಕತ್ತರಿಸುವ ಮುಂಚೆಯೇ ಅವರ ವಿರೋಧಿ ಗುಂಪಿನ ಫ್ರಾನ್ಸಿಸ್ ಡಿ ಗ್ರೂಟ್ ಅನ್ನುವವನು ಕುದುರೆ ಮೇಲೆ ಬಂದು ಕತ್ತಿಯಿಂದ ಅದನ್ನು ಕತ್ತರಿಸಿಬಿಟ್ಟ. ಅವನನ್ನು ಹಿಡಿದುಕೊಂಡು ಹೋಗಿ, ಮತ್ತೆ ರಿಬ್ಬನ್ ಕಟ್ಟಿ, ಮತ್ತೆ ಕತ್ತರಿಸಬೇಕಾಯಿತು.

ಉಳಿದ ದುಡ್ಡನ್ನು ಒಪೇರಾ ಹೌಸಿನ ಒಳಗಿನ ಟೂರಿಗೆ ಹಾಕಿ, ಅದು ನಿಮಗೆ ಖಂಡಿತ ಇಷ್ಟವಾಗುತ್ತದೆ. 1957ರ ಸ್ಪರ್ಧೆಯಲ್ಲಿ ಗೆದ್ದವರು ಡೆನ್ಮಾರ್ಕಿನ ಯೋರ್ನ್ ಉಟ್ಸನ್. ಚಿತ್ರ ಬರೆದಿದ್ದರು, ಆದರೆ ಛಾವಣಿಯ ಆ ಚಿಪ್ಪುಗಳನ್ನು ಕಟ್ಟುವುದು ಹೇಗೆ ಅಂತ ವರ್ಷಗಟ್ಟಲೆ ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ಎಲ್ಲ ಚಿಪ್ಪುಗಳೂ ಒಂದೇ ಗೋಳದಿಂದ ಕೊಯ್ದ ತುಂಡುಗಳು ಅಂತ ಲೆಕ್ಕ ಹಾಕಿದರು. ಒಂದು ದೊಡ್ಡ ಮೂಸಂಬಿಯ ಸಿಪ್ಪೆಯನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿದ ಹಾಗೆ. ಎಲ್ಲದರ ಬಾಗು ಒಂದೇ ಆದ್ದರಿಂದ ಕಾಂಕ್ರೀಟ್ ತುಂಡುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ಜೋಡಿಸಲು ಸಾಧ್ಯವಾಯಿತು. 70 ಲಕ್ಷ ಡಾಲರ್ ಅಂದಿದ್ದ ಕೆಲಸ 10 ಕೋಟಿ 20 ಲಕ್ಷಕ್ಕೆ ಹೋಯಿತು. ಸರಕಾರದ ಜೊತೆ ಜಗಳವಾಗಿ ಉಟ್ಸನ್ 1966ರಲ್ಲಿ ಬಿಟ್ಟು ಹೋದರು. 1973ರಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಉಟ್ಸನ್ ವಾಪಸ್ ಬರಲೇ ಇಲ್ಲ, ತಾನು ಕಲ್ಪಿಸಿದ ಕಟ್ಟಡ ಮುಗಿದಿದ್ದನ್ನು ಕಣ್ಣಾರೆ ನೋಡಲಿಲ್ಲ. ಗೈಡ್ ಇದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಹೊರಗೆ ಬಂದಮೇಲೆ ಚಿಪ್ಪು ನೆಲಕ್ಕೆ ಇಳಿಯುವ ಕಡೆ ಹತ್ತಿರ ಹೋಗಿ ಟೈಲ್ಸ್ ಮುಟ್ಟಿ ನೋಡಿ. ದೂರದಿಂದ ಬೆಳ್ಳಗೆ ಕಾಣುತ್ತದಲ್ಲ, ಅದು ಬರೀ ಬಿಳಿ ಅಲ್ಲ. ಕೆನೆ ಬಣ್ಣದ್ದೊಂದು, ಹೊಳೆಯುವ ಬಿಳಿಯದೊಂದು, ಎರಡು ತರಹದವು ಸೇರಿವೆ. ಹತ್ತು ಲಕ್ಷಕ್ಕೂ ಜಾಸ್ತಿ ಟೈಲ್ಸ್, ಸ್ವೀಡನ್ನಿನಲ್ಲಿ ಮಾಡಿಸಿದ್ದು. ನಾನು ಅಂಗೈ ಇಟ್ಟೆ, ನಡು ಮಧ್ಯಾಹ್ನದ ಬಿಸಿಲಿನಲ್ಲೂ ತಣ್ಣಗಿತ್ತು.

ಆ ಜಾಗದ ಹೆಸರು ಬೆನೆಲಾಂಗ್ ಪಾಯಿಂಟ್. ಬೆನೆಲಾಂಗ್ ಅಲ್ಲಿಯ ಮೂಲನಿವಾಸಿ, ಇಂಗ್ಲಿಷರು 1788ರಲ್ಲಿ ಹಡಗಿನಲ್ಲಿ ಬಂದಿಳಿದ ಕಾಲದವನು. ಅದಕ್ಕೂ ಸಾವಿರಾರು ವರ್ಷ ಹಿಂದಿನಿಂದ ಗ್ಯಾಡಿಗಲ್ ಅನ್ನುವ ಮೂಲನಿವಾಸಿ ಜನ ಆ ದಡದಲ್ಲಿ ಚಿಪ್ಪು ಮೀನು ತಿಂದು ಬಿಸಾಡಿದ ಚಿಪ್ಪುಗಳ ರಾಶಿಯೇ ಅಲ್ಲಿತ್ತು. ಬಂದವರು ಅದನ್ನು ಸುಟ್ಟು ಸುಣ್ಣ ಮಾಡಿ ತಮ್ಮ ಮನೆ ಕಟ್ಟಿಕೊಂಡರು. ಚಿಪ್ಪಿನ ಸುಣ್ಣ ನಮ್ಮ ಕರಾವಳಿಯವರಿಗೆ ಗೊತ್ತಿರುವುದೇ, ಆದರೆ ಇನ್ನೊಬ್ಬರ ತಲೆತಲಾಂತರದ ಊಟದ ಗುರುತನ್ನೇ ಸುಟ್ಟಿದ್ದು ಓದಿದಾಗ ಸಂಕಟವಾಯಿತು.

ಪ್ರಶ್ನೆ: ಕಾಫಿ ತೋಟದವರು ನಾವು. ಊರು ನೋಡುವುದಕ್ಕಿಂತ ಗಿಡ ಮರ ನೋಡುವುದು ನಮಗೆ ಇಷ್ಟ. ಅಲ್ಲಿ ನಮಗೆ ಏನಿದೆ? (ಮೂಡಿಗೆರೆ)

ಉತ್ತರ: ನಿಮಗೆ ಅಲ್ಲಿ ಬಳಗವೇ ಇದೆ! ನಿಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ್ದೀರಲ್ಲ, ಆ ಸಿಲ್ವರ್ ಓಕ್ ಮರದ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ. ನಾವು ಅದನ್ನು ನೆರಳಿಗೂ ಬಳ್ಳಿಗೂ ಅಂತ ಸವರಿ ಸವರಿ ಬೆಳೆಸುತ್ತೇವೆ. ಅಲ್ಲಿ ಅದು ಸವರದೆ ನಿಂತಿದೆ, ವಸಂತ ಕಾಲದ ಕೊನೆಗೆ ಮೈತುಂಬಾ ಚಿನ್ನದ ಬಣ್ಣದ ಹೂವು. ಆ ಹೂವಿನ ಜೇನಿಗೆ ಲೋರಿಕೀಟ್ ಅನ್ನುವ ಗಿಳಿಗಳು ಬರುತ್ತವೆ. ನೀಲಿ ತಲೆ, ಕಿತ್ತಳೆ ಎದೆ, ಹಸಿರು ರೆಕ್ಕೆ, ಕಿರುಚಾಟ ಅಂದರೆ ಕಿರುಚಾಟ. ಬೀದಿ ಬದಿಯಲ್ಲೇ ಕಾಣುತ್ತವೆ.

ನೀಲಗಿರಿ ಮರದ ಕಥೆಯೂ ಹಾಗೇ. ಟಿಪ್ಪು ಸುಲ್ತಾನ್ ಕಾಲದಲ್ಲೇ ನಂದಿಬೆಟ್ಟಕ್ಕೆ ಬಂತು ಅಂತ ಹೇಳುತ್ತಾರೆ. ಬಯಲು ಸೀಮೆಯಲ್ಲಿ ಅಂತರ್ಜಲ ಕುಡಿಯುತ್ತದೆ ಅಂತ ನಾವು ಬೈದುಕೊಂಡೆವು, 2017ರಲ್ಲಿ ನಮ್ಮ ರಾಜ್ಯ ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ನಾನೂ ಆ ಮರವನ್ನು ಇಷ್ಟಪಟ್ಟವಳಲ್ಲ. ಆದರೆ ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಸಾಲಿಗೆ ಹೋಗಿ, ಅಲ್ಲಿಯ ಕಟೂಂಬಾ ಅನ್ನುವ ಊರಿನಲ್ಲಿ ನಿಂತು ನೋಡಿ, ಕಣಿವೆ ತುಂಬಾ ಅದೇ ಮರ, ಅದರ ಎಣ್ಣೆಯ ಆವಿಗೇ ಬೆಟ್ಟ ನೀಲಿಯಾಗಿ ಕಾಣುತ್ತದೆ ಅಂತಾರೆ. ಆ ಜಾತಿಯಲ್ಲಿ 700ಕ್ಕೂ ಹೆಚ್ಚು ಬಗೆ ಇವೆ, ಒಂದೊಂದನ್ನು ನಂಬಿಕೊಂಡು ಹಕ್ಕಿ, ಕೊವಾಲಾ, ಹಾರುವ ಅಳಿಲಿನಂಥ ಪೋಸಮ್ ಬದುಕಿವೆ. ಮರದ ತಪ್ಪೇನೂ ಇಲ್ಲ, ಅದರ ಜಾಗದಲ್ಲಿ ಅದು ಸರಿಯಾಗಿಯೇ ಇದೆ. ನಮ್ಮ ಗೊರವಂಕದ ಪಾಡು ಅಲ್ಲಿ ಇದೇ ತರಹ. ಹುಳ ತಿನ್ನಲಿ ಅಂತ 1860ರ ದಶಕದಲ್ಲಿ ಮೆಲ್ಬರ್ನಿಗೆ ಕರೆಸಿಕೊಂಡರು, ಈಗ ಅಲ್ಲಿಯ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುತ್ತದೆ ಅಂತ 'ಇಂಡಿಯನ್ ಮೈನಾ' ಹೆಸರು ಹೇಳಿದರೆ ಮುಖ ಸಿಂಡರಿಸುತ್ತಾರೆ.

ಸಿಡ್ನಿ ಊರೊಳಗೇ ರಾಯಲ್ ಬೊಟಾನಿಕ್ ಗಾರ್ಡನ್ ಇದೆ, 1816ರದ್ದು, ಒಪೇರಾ ಹೌಸ್ ಪಕ್ಕದಲ್ಲೇ, ಒಳಗೆ ಹೋಗಲು ದುಡ್ಡಿಲ್ಲ. ಲಾಲ್‌ಬಾಗಿಗೆ ಹೋದ ಹಾಗೆ ಅರ್ಧ ದಿನ ಹೋಗಿ. ಅಲ್ಲಿ ಬುತ್ತಿ ತಿನ್ನುವಾಗ ಮಾತ್ರ ಹುಷಾರು. ಕೂಕಬರ್ರಾ ಅಂತ ಒಂದು ಹಕ್ಕಿ, ನಮ್ಮ ಮಿಂಚುಳ್ಳಿಯ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು, ಜನ ಗಹಗಹಿಸಿ ನಕ್ಕ ಹಾಗೆ ಕೂಗುತ್ತದೆ. ನಮ್ಮ ಯಜಮಾನರು ಸ್ಯಾಂಡ್‌ವಿಚ್ ಬಾಯಿಗೆ ಇಡುವಷ್ಟರಲ್ಲಿ ಹಿಂದಿನಿಂದ ಬಂದು ಚೀಸ್ ತುಂಡನ್ನು ಮಾತ್ರ ಎಳೆದುಕೊಂಡು ಹೋಯಿತು. ರೆಕ್ಕೆಯ ಸದ್ದೇ ಇಲ್ಲ! ಬೆರಳಿಗೆ ಕೊಕ್ಕು ತಾಗಿ ಸ್ವಲ್ಪ ಗೀರಿತ್ತು.

ಒಂದು ಎಚ್ಚರಿಕೆ, ತೋಟದವರಾದ್ದರಿಂದ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ, ಕಳೆದ 30 ದಿನದಲ್ಲಿ ಹೊಲ, ತೋಟ, ದನಕರುಗಳ ಹತ್ತಿರ ಹೋಗಿದ್ದೀರಾ ಅಂತ ಕೇಳುತ್ತಾರೆ. ಹೌದು ಅಂತಲೇ ಬರೆಯಿರಿ. ಬೂಟಿನ ತಳ ಮನೆಯಲ್ಲೇ ಚೆನ್ನಾಗಿ ಉಜ್ಜಿ ತೊಳೆದುಕೊಂಡು ಹೋಗಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ತೆಗೆದುಕೊಂಡು ಹೋಗಬಹುದಾ? ಅಲ್ಲಿ ಊಟಕ್ಕೆ ತೊಂದರೆ ಇದೆಯಾ? (ಉಡುಪಿ)

ಉತ್ತರ: ತಿನ್ನುವ ಪದಾರ್ಥ ಏನೇ ಇದ್ದರೂ ಕಾರ್ಡಿನಲ್ಲಿ 'ಇದೆ' ಅಂತ ಟಿಕ್ ಮಾಡಿ. ಇಷ್ಟು ಮಾಡಿದರೆ ಹೆದರಬೇಕಿಲ್ಲ. ಅಧಿಕಾರಿ ತೆಗೆದು ನೋಡುತ್ತಾರೆ, ಬಿಡಬಹುದಾದದ್ದನ್ನು ಬಿಡುತ್ತಾರೆ, ಬೇಡದ್ದನ್ನು ಬುಟ್ಟಿಗೆ ಹಾಕುತ್ತಾರೆ, ಹೇಳಿದವರಿಗೆ ದಂಡ ಇಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ, ವೀಸಾ ರದ್ದಾದರೂ ಆಗಬಹುದು. ತಾಜಾ ಹಣ್ಣು, ಕರಿಬೇವು, ಬಿತ್ತನೆ ಬೀಜ, ಹಾಲಿನ ಸಿಹಿ ಇವನ್ನು ಮನೆಯಲ್ಲೇ ಬಿಡಿ. ಅವರು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ಇದೆ. ನಮ್ಮ ದನಗಳಿಗೆ ಬರುವ ಕಾಲುಬಾಯಿ ರೋಗ ಅಲ್ಲಿಲ್ಲ, ಒಂದು ಸಲ ಒಳಗೆ ಹೊಕ್ಕರೆ ಅವರ ದನ, ಕುರಿ ಎಲ್ಲಕ್ಕೂ ಕುತ್ತು.

ಊಟಕ್ಕೆ ತೊಂದರೆ ಇಲ್ಲ. ಸಿಡ್ನಿಯದೇ ಪ್ಯಾರಾಮಟ್ಟಾ ಪಕ್ಕದ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಬೀದಿ ಪೂರ್ತಿ ನಮ್ಮವರ ಹೋಟೆಲುಗಳೇ, ದೋಸೆಯಿಂದ ಚಾಟ್‌ವರೆಗೆ ಎಲ್ಲ ಸಿಗುತ್ತದೆ. ಇನ್ನೊಂದು ಒಳ್ಳೆ ಉಪಾಯ ಹೇಳುತ್ತೇನೆ. ಊರಿನ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗ್‌ನಲ್ಲಿ ಶ್ರೀ ವೆಂಕಟೇಶ್ವರ ದೇವಸ್ಥಾನ ಇದೆ, ಸುತ್ತ ಕಾಡು, ನಡುವೆ ಬಿಳಿ ಗೋಪುರ, 1985ರಲ್ಲಿ ಪ್ರತಿಷ್ಠೆಯಾದದ್ದು. ಶನಿವಾರ ಭಾನುವಾರ ಅಲ್ಲಿಯ ಕ್ಯಾಂಟೀನಿನಲ್ಲಿ ಇಡ್ಲಿ, ದೋಸೆ ಇರುತ್ತದೆ. ಅದೇ ಊರಿನಲ್ಲಿ ಸಿಂಬಿಯೋ ಅನ್ನುವ ಚಿಕ್ಕ ಪ್ರಾಣಿ ಪಾರ್ಕೂ ಇದೆ. ಬೆಳಿಗ್ಗೆ ದೇವರ ದರ್ಶನ, ಆಮೇಲೆ ತಿಂಡಿ, ಮಧ್ಯಾಹ್ನ ಕಾಂಗರೂ, ಸಂಜೆ ಸಮುದ್ರದ ಮೇಲೆ ಬಂಡೆಗೆ ತಾಗಿಕೊಂಡು ಬಾಗುತ್ತಾ ಹೋಗುವ ಸೀ ಕ್ಲಿಫ್ ಸೇತುವೆಯ ಮೇಲೆ ನಡಿಗೆ. ಕಾರು ಇದ್ದರೆ ಒಂದೇ ದಿನದಲ್ಲಿ ಆರಾಮಾಗಿ ಆಗುತ್ತದೆ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? (ಕಲಬುರಗಿ)

ಉತ್ತರ: ಸೆಪ್ಟೆಂಬರ್‌ನಿಂದ ನವೆಂಬರ್. ಅಲ್ಲಿ ಆಗ ವಸಂತ. ನಿಮ್ಮ ಕಡೆಯ ಬಿಸಿಲು ತಿಂದವರಿಗೆ ಡಿಸೆಂಬರ್, ಜನವರಿಯೂ ಕಷ್ಟವಲ್ಲ, ಆದರೆ ಶಾಲೆಗೆ ರಜೆ, ಜನಜಂಗುಳಿ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಹೋದರೆ ಮರಿ ಜೊತೆ ದಕ್ಷಿಣಕ್ಕೆ ವಾಪಸಾಗುವ ಹಂಪ್‌ಬ್ಯಾಕ್ ತಿಮಿಂಗಿಲಗಳು ದಡದಿಂದಲೇ ಕಾಣಬಹುದು. ಮ್ಯಾನ್ಲಿ ಹತ್ತಿರದ ನಾರ್ತ್ ಹೆಡ್ ಬಂಡೆಯ ಮೇಲೆ ಬೈನಾಕ್ಯುಲರ್ ಹಿಡಿದು ಕೂರಬೇಕು. ನಮಗೆ ಕಂಡಿದ್ದು ಎರಡು ಸಲ ಮೇಲೆದ್ದ ಉಸಿರಿನ ನೀರು, ಒಂದು ಸಲ ಬಾಲ. ಅದೇ ಕಾಲದಲ್ಲಿ ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿರುತ್ತದೆ, ಮರದ ಕೆಳಗೆ ಹೋದವರ ತಲೆಗೆ ಎರಗುತ್ತದೆ. ಒಂದು ಟೋಪಿ, ಇಲ್ಲ ಕೊಡೆ ಇರಲಿ.

ಪ್ರಶ್ನೆ: ಆಸ್ಟ್ರೇಲಿಯಾ ಅಂದರೆ ಹಾವು, ಜೇಡ ಅಂತ ನನ್ನ ಗಂಡ ಹೆದರಿಸುತ್ತಾರೆ. ನಿಜಾನಾ? (ಬೆಳ್ತಂಗಡಿ)

ಉತ್ತರ: ಹಾವು ಇವೆ, ವಿಷದವೇ. ನಮ್ಮ ಬೆಳ್ತಂಗಡಿ ಕಡೆ ಕಡಿಮೆಯಾ ಹೇಳಿ? ತೋಟದಲ್ಲಿ ಹೇಗೆ ಇರುತ್ತೀರೋ ಅಲ್ಲೂ ಹಾಗೇ. ದಾರಿ ಬಿಟ್ಟು ಹುಲ್ಲಿಗೆ ಕಾಲಿಡಬೇಡಿ, ಕಾಣದ ಕಡೆ ಕೈ ಹಾಕಬೇಡಿ, ಬೂಟು ಕೊಡವಿ ಹಾಕಿಕೊಳ್ಳಿ. ಸಿಡ್ನಿಯ ಫನಲ್ ವೆಬ್ ಜೇಡದ ವಿಷಕ್ಕೆ 1981ರಲ್ಲೇ ಮದ್ದು ಬಂದಿದೆ, ಅದಾದ ಮೇಲೆ ಆ ಜೇಡ ಕಚ್ಚಿ ಸತ್ತವರ ದಾಖಲೆ ಇಲ್ಲ. ಹದಿನಾರು ದಿನದಲ್ಲಿ ನಾವು ಒಂದು ಹಾವನ್ನೂ ನೋಡಲಿಲ್ಲ. ನೋಡಿದ್ದು ಒಂದು ಎಕಿಡ್ನಾ, ರಸ್ತೆ ಪಕ್ಕದ ಇರುವೆ ಗೂಡಿಗೆ ಮೂತಿ ಹಾಕಿತ್ತು. ಮುಳ್ಳುಹಂದಿ ತರಹ ಕಂಡರೂ ಅದಲ್ಲ, ಇದು ಮೊಟ್ಟೆ ಇಟ್ಟು ಮರಿಗೆ ಹಾಲು ಕುಡಿಸುವ ಪ್ರಾಣಿ. ಅವತ್ತು ಸಂಜೆ ನಮ್ಮ ಯಜಮಾನರು ಜೇಬಿನ ಚಿಲ್ಲರೆ ಮೇಜಿನ ಮೇಲೆ ಹರಡಿ ತೋರಿಸಿದರು: 5 ಸೆಂಟಿನ ಮೇಲೆ ಅದೇ ಎಕಿಡ್ನಾ, 10 ಸೆಂಟಿನ ಮೇಲೆ ಲೈರ್ ಹಕ್ಕಿ, 20ರ ಮೇಲೆ ಬಾತುಕೋಳಿಯ ಕೊಕ್ಕಿನಂಥ ಮೂತಿಯ ಪ್ಲ್ಯಾಟಿಪಸ್, ಒಂದು ಡಾಲರಿನ ಮೇಲೆ ಐದು ಕಾಂಗರೂ. ಪ್ಲ್ಯಾಟಿಪಸ್ ಒಂದನ್ನು ನಾವು ನಾಣ್ಯದ ಮೇಲಷ್ಟೇ ನೋಡಿದೆವು. ಆ ನಾಣ್ಯಗಳನ್ನು ಖರ್ಚು ಮಾಡದೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಮಗಳ ಘಟಿಕೋತ್ಸವಕ್ಕೆ ಸಿಡ್ನಿಗೆ ಹೋಗುತ್ತಿದ್ದೇವೆ. ನಮ್ಮಿಬ್ಬರಿಗೆ ಅಂತ ಸಿಗುವುದು ಒಂದೇ ದಿನ. ಹೇಗೆ ಕಳೆಯಲಿ? (ಮಂಡ್ಯ)

ಉತ್ತರ: ಮಗಳಿಗೆ ನನ್ನ ಶುಭಾಶಯ ಹೇಳಿ. ಬೆಳಿಗ್ಗೆ ಮೊದಲ ಫೆರ್ರಿಗಳಲ್ಲೊಂದರಲ್ಲಿ ಟರೋಂಗಾಗೆ ಹೋಗಿ, ಆಸ್ಟ್ರೇಲಿಯಾದ ಪ್ರಾಣಿಗಳನ್ನು ಮಾತ್ರ ನೋಡಿ. ಸಿಂಹ, ಹುಲಿ ನಮ್ಮ ಮೈಸೂರಿನಲ್ಲೇ ಇವೆ. ಎರಡು ಗಂಟೆಗೆ ವಾಪಸ್ ಬಂದು ಊಟ. ಆಮೇಲೆ ಒಪೇರಾ ಹೌಸಿನಿಂದ ನೀರಿನ ಪಕ್ಕದಲ್ಲೇ ತೋಟದೊಳಗೆ ನಡೆಯುತ್ತಾ ಹೋದರೆ ಅರ್ಧ ಗಂಟೆಯೊಳಗೆ ಮಿಸೆಸ್ ಮ್ಯಾಕ್ವಾರಿಸ್ ಚೇರ್ ಸಿಗುತ್ತದೆ. ಗವರ್ನರನ ಹೆಂಡತಿ ಕೂತು ಸಮುದ್ರ ನೋಡಲಿ ಅಂತ 1810ರ ದಶಕದಲ್ಲಿ ಕೈದಿಗಳ ಕೈಲಿ ಬಂಡೆಯಲ್ಲೇ ಕೊರೆಸಿದ ಆಸನ. ಅಲ್ಲಿಂದ ಒಪೇರಾ ಹೌಸು, ಸೇತುವೆ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ, ಸೂರ್ಯ ಅವುಗಳ ಹಿಂದೆ ಇಳಿಯುತ್ತಾನೆ. ಕತ್ತಲಾದ ಮೇಲೆ ಸರ್ಕ್ಯುಲರ್ ಕ್ವೇಗೆ ಬಂದು ಮ್ಯಾನ್ಲಿ ಫೆರ್ರಿ ಹತ್ತಿ. ಹೋಗಿ ಅದೇ ಫೆರ್ರಿಯಲ್ಲಿ ವಾಪಸ್ ಬಂದರೂ ಸಾಕು, ಬರುವಾಗ ಊರಿನ ದೀಪವೆಲ್ಲ ಎದುರಿಗೇ ಇರುತ್ತದೆ. ಹೊರಗಡೆ ಕೂರಬೇಕು, ಗಾಳಿ ತಣ್ಣಗಿರುತ್ತದೆ. ಚೀಲದಲ್ಲಿ ಇಬ್ಬರಿಗೂ ಒಂದೊಂದು ಶಾಲು ಇರಲಿ.